ತಕ್ಕಡಿಯಲ್ಲಿ ಕೂತ ಭಾನುವಾರ

ಸೋಲಾಪುರದಲ್ಲಿ ನಾನು ಹೋಗುವ ಜಿಮ್‌ನ ಗೋಡೆಯ ಮೇಲೆ, ನೀರಿನ ಫಿಲ್ಟರಿನ ಪಕ್ಕದಲ್ಲಿ, ನನ್ನ ಎರಡು ಫೋಟೋಗಳಿವೆ. ಎಡಗಡೆಯದರ ಕೆಳಗೆ ‘ಮೊದಲು’, ಬಲಗಡೆಯದರ ಕೆಳಗೆ ‘ನಂತರ’ ಎಂದು ಮರಾಠಿಯಲ್ಲಿ ಬರೆದಿದ್ದಾರೆ. ಮೊದಲಿನದರಲ್ಲಿ ನಾನು ಅರವತ್ತೊಂದು ಕಿಲೋ, ಮುಖ ಗಂಟು ಹಾಕಿಕೊಂಡಿದ್ದೇನೆ. ನಂತರದ್ದರಲ್ಲಿ ನಲವತ್ತೊಂಬತ್ತು ಕಿಲೋ, ಹಲ್ಲು ಕಾಣುವಂತೆ ನಗುತ್ತಿದ್ದೇನೆ. ಹಾಗೆ ನಗುತ್ತ ಸುಮ್ಮನೆ ನಿಂತಿದ್ದಾಗಲೂ ನನ್ನ ನಾಡಿ ನಿಮಿಷಕ್ಕೆ ನೂರಾ ಇಪ್ಪತ್ತು ಸಲ ಬಡಿದುಕೊಳ್ಳುತ್ತಿತ್ತು. ಅದು ಫೋಟೋದಲ್ಲಿ ಕಾಣುವುದಿಲ್ಲ.

ಇದನ್ನು ಬರೆಯಲು ಕೂತದ್ದು ಇದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ನಡುವೆ ಎದ್ದು ಹೋಗಿ ಏನೋ ಒಂದು ಕೆಲಸ ಹಚ್ಚಿಕೊಂಡೆ. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ತವರೂರು ಕರಜಗಿಯ ಕನ್ನಡ ಶಾಲೆಯಲ್ಲಿ ಕಲಿತವಳು ನಾನು. ಮದುವೆಯಾಗಿ ಸೋಲಾಪುರಕ್ಕೆ ಬಂದ ಮೇಲೆ ಆಫೀಸು, ಸಂತೆ, ನೆರೆಹೊರೆ ಎಲ್ಲವೂ ಬಹುಮಟ್ಟಿಗೆ ಮರಾಠಿ. ಆದರೆ ಈ ಕಾಯಿಲೆಯ ಸಂಗತಿ ಮರಾಠಿಯಲ್ಲಿ ಬರೆಯಲು ಕೈ ಏಳಲಿಲ್ಲ. ಅದನ್ನು ಎಲ್ಲರಿಗಿಂತ ಮೊದಲು ಪತ್ತೆ ಹಚ್ಚಿದವಳು ನಮ್ಮವ್ವ. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ.

ಆಗ ನನಗೆ ಮೂವತ್ತೆಂಟು. ಟವೆಲ್ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದು ಕೆರೆಯ ದಂಡೆಯ ಮೇಲೆ ಓಟ, ಸಂಜೆ ಆರೂವರೆಗೆ ಜಿಮ್ ಕ್ಲಾಸು, ಭಾನುವಾರ ಅಕ್ಕಲಕೋಟೆಯ ಮೇಲೆ ಹಾಯ್ದು ಕರಜಗಿಗೆ, ಅವ್ವನ ಮನೆಗೆ. ಈ ಮೂರನ್ನೂ ಹೊಂದಿಸಿ ವೇಳಾಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ನನ್ನ ಮನೆಯವರು, ಶಿವಾನಂದ, ಅದನ್ನು ನೋಡಿ, “ಇದರಾಗ ನನಗ ಯಾವಾಗ ಟೈಮ್ ಕೊಟ್ಟೀದಿ?” ಎಂದು ಕೇಳಿದ್ದರು. “ಹಾಲು ತರೋ ಹೊತ್ತಿಗಿ” ಎಂದಿದ್ದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಎಲ್ಲಿಲ್ಲದ ಚುರುಕು ಬಂತು. ನಾಲ್ಕಕ್ಕೇ ಎಚ್ಚರ. ಆರು ರೊಟ್ಟಿ ತಿಂದರೂ ಹಸಿವು, ಆದರೂ ತೂಕ ಇಳಿಯುತ್ತಿತ್ತು. ಓಟದಲ್ಲೂ ಜಿಮ್‌ನಲ್ಲೂ ನನ್ನ ಜೊತೆಗಾತಿ ರೇಶ್ಮಾ, ನನಗಿಂತ ಹತ್ತು ವರ್ಷ ಚಿಕ್ಕವಳು, ಹಿಂದೆ ಬಿದ್ದು ಏದುಸಿರು ಬಿಡುತ್ತ, “ನಂದಕ್ಕಾ, ಏನ್ ತಿನ್ನಾಕತ್ತೀದಿ? ನನಗೂ ಹೇಳು” ಎನ್ನುತ್ತಿದ್ದಳು. ಭಾನುವಾರ ಊರಿಗೆ ಹೋಗುವ ಮುಂಚೆ ಪರದೆಗಳನ್ನೆಲ್ಲ ಬಿಚ್ಚಿ ಒಗೆದು ಹಾಕುತ್ತಿದ್ದೆ. ಮೈ ಸದಾ ಬಿಸಿ. ಎಲ್ಲರೂ ಸ್ವೆಟರ್ ಹಾಕಿಕೊಂಡಿದ್ದರೆ ನಾನು ಫ್ಯಾನಿನ ಕೆಳಗೆ.

ಪ್ರತಿ ಸೋಮವಾರ ಜಿಮ್‌ನಲ್ಲಿ ತೂಕ ನೋಡುವ ರೂಢಿ. ಕಾಟಾದ ಮೇಲೆ ನಿಲ್ಲುವ ಮೊದಲು ನಾವು ಹೆಂಗಸರೆಲ್ಲ ಗಡಿಯಾರ, ಬಳೆ, ಕೂದಲಿನ ಕ್ಲಿಪ್ಪು ತೆಗೆದು ಇಡುತ್ತಿದ್ದೆವು. ನಾನಂತೂ ಕಿವಿಯೋಲೆಯನ್ನೂ ಬಿಚ್ಚಿಡುತ್ತಿದ್ದೆ. ಮೂರೂವರೆ ತಿಂಗಳಲ್ಲಿ ಹನ್ನೆರಡು ಕಿಲೋ. ತರಬೇತಿ ಕೊಡುವ ಸಾಗರ್ ಸರ್ ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದರು, ಹಾರ ಹಾಕಿದರು, ಆ ಫೋಟೋ ತೆಗೆದರು. ಹೊಗಳಿಕೆ ಅಂದರೆ ಯಾರಿಗೆ ಬೇಡ? ನಾನು ಉಬ್ಬಿಹೋದೆ.

ಮುಂದಿನ ಭಾನುವಾರ ಹಳೆಯ ಫೋಟೋದ ಜೊತೆ ಅದನ್ನು ಮೊಬೈಲಿನಲ್ಲಿ ಅವ್ವನಿಗೆ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, “ಈ ದಪ್ಪನಾಕಿ ಚಂದ ಅದಾಳ” ಅಂದು ಮೊಬೈಲ್ ವಾಪಸು ಕೊಟ್ಟಳು. ನನಗೆ ಸಿಟ್ಟು ಬಂತು. ಎದ್ದು ಹೋಗಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದೆ. ಅವ್ವ ಅಂಗಳದಲ್ಲಿ ಸೀತನಿ ಸುಡಲು ಕುಳ್ಳು ಒಟ್ಟುತ್ತಿದ್ದಳು. ಜೋಳದ ಎಳೆ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಶೇಂಗಾ ಚಟ್ನಿ ಹಚ್ಚಿ ತಿನ್ನುವ ಕಾಲ ಅದು. ಇದ್ದಕ್ಕಿದ್ದಂತೆ ಹೊರಗಿನಿಂದಲೇ ಕೂಗಿದಳು.

“ಯಾಕ ತಂಗಿ, ಇಷ್ಟ್ಯಾಕ ಲಗೂ ಲಗೂ ಬಡ್ಯಾಕತ್ತಿ? ರೊಟ್ಟಿ ಏನ್ ಓಡಿ ಹೋಗ್ತದೇನು?”

“ಇಲ್ಲವ್ವಾ, ದಿನಾ ಬಡಿಯೂ ಹಂಗೇ ಬಡೀತೀನಿ.”

“ಸುಳ್ಳ ಹೇಳಬ್ಯಾಡ. ನಿನಗ ರೊಟ್ಟಿ ಬಡ್ಯಾಕ ಕಲಿಸಿದಾಕಿ ನಾ. ನಿನ್ನ ಬಡತದ ಸಪ್ಪಳ ನನಗ ಗೊತ್ತಿಲ್ಲೇನು?”

ಒಳಗೆ ಬಂದಳು. ಹಿಟ್ಟು ನಾದಿ ಬಡಿಯುವ ಮರದ ಕೊಡಮುರಿಗೆಯಲ್ಲಿದ್ದ ರೊಟ್ಟಿಯನ್ನು ನೋಡಿದಳು. ಅಂಚು ಎಲ್ಲ ಹರಿದು ನಕ್ಷೆಯ ಗಡಿಯಂತೆ ಆಗಿತ್ತು. ಹಿಟ್ಟು ಹತ್ತಿದ ನನ್ನ ಕೈಯನ್ನು ಹಿಡಿದು ಬೆಳಕಿಗೆ ಚಾಚಿಸಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ನಾನೇ ಅದನ್ನು ನೋಡಿದ್ದು ಆವತ್ತೇ ಮೊದಲು. ಅವಳು ಮಣಿಕಟ್ಟು ಒತ್ತಿ ಹಿಡಿದು ನಾಡಿ ನೋಡಿದಳು.

“ಗುಬ್ಬಿ ಎದಿ ಬಡಕೊಂಡಂಗ ಬಡಕೋತದಲ್ಲ ಯವ್ವಾ. ನಡಿ ದವಾಖಾನಿಗಿ.”

ನಾನು ಜಗಳ ತೆಗೆದೆ. ದಿನಕ್ಕೆ ಎಂಟು ಕಿಲೋಮೀಟರ್ ಓಡುವವಳಿಗೆ ಏನು ರೋಗ, ನಿನಗೆ ದಪ್ಪಗಿದ್ದವರೇ ಆರೋಗ್ಯವಂತರು, ಊರವರ ತಿಳಿವಳಿಕೆಯೇ ಇಷ್ಟು ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಸಂಜೆ ನಾನು ಎಸ್.ಟಿ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರೆ, ಕೈಚೀಲ ಹಿಡಿದು ಅವ್ವನೂ ಹತ್ತಿ ಪಕ್ಕಕ್ಕೆ ಕೂತಳು. “ಡಾಕ್ಟರ್ ಏನೂ ಇಲ್ಲ ಅಂದ್ರ ನಾಳಿ ಸಂಜಿ ಬಸ್ಸಿಗಿ ವಾಪಸ್ ಬರ್ತೀನಿ” ಅಂದಳು. ಆಮೇಲೆ ಅವಳು ನಮ್ಮ ಮನೆಯಲ್ಲಿ ಏಳು ವಾರ ಇದ್ದಳು.

ದವಾಖಾನೆಯ ಕಾಯುವ ಕೋಣೆಯನ್ನು ನಾನು ಮರೆಯುವುದಿಲ್ಲ. ಸಾಲಾಗಿ ಜೋಡಿಸಿದ ಕುರ್ಚಿಗಳು, ಸದ್ದಿಲ್ಲದೆ ಓಡುವ ಟಿವಿ, ನಂಬರ್ ಕೂಗುವ ಹುಡುಗಿ. ನನ್ನದು ಇಪ್ಪತ್ತಾರು, ಒಳಗೆ ಹೋದದ್ದು ಒಂಬತ್ತು. ಕೂರಲು ಆಗಲಿಲ್ಲ. ಬಾಗಿಲಿನಿಂದ ಔಷಧಿ ಅಂಗಡಿಯ ಕಿಟಕಿಯವರೆಗೆ ಹದಿನೆಂಟು ಹೆಜ್ಜೆ. ಹೋಗುವುದು, ತಿರುಗುವುದು, ಬರುವುದು. ಮಂಗಳವೇಢೆಯಿಂದ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನನ್ನೇ ನೋಡುತ್ತಿದ್ದವರು ಕಡೆಗೆ, “ತಂಗಿ, ಕುಂದರವ್ವಾ. ನೀ ಅಡ್ಡಾಡೋದು ನೋಡಿ ನನಗ ಬಿ.ಪಿ. ಏರಾಕತ್ತದ” ಎಂದರು. ಅವ್ವ ನಕ್ಕುಬಿಟ್ಟಳು. ನನಗೆ ಅಳು ಬಂತು. ಯಾಕೆ ಅಂತ ಗೊತ್ತಿಲ್ಲ, ಗಳಗಳ ಅತ್ತೆ. ಆಗ ಆ ಅಮ್ಮ ತನ್ನ ಹದಿಮೂರನೇ ನಂಬರಿನ ಚೀಟಿಯನ್ನು ನನ್ನ ಕೈಗೆ ತುರುಕಿ ನನ್ನ ಚೀಟಿ ತಾನಿಟ್ಟುಕೊಂಡರು. “ನನಗೇನ್ ಅವಸರಿಲ್ಲ. ಸೊಸಿ ಅಡಗಿ ಮಾಡಿರ್ತಾಳ” ಅಂದರು. ಅವರ ಹೆಸರು ಕೇಳುವುದು ಮರೆತೆ. ಇವತ್ತಿಗೂ ಅದೊಂದು ಕೊರಗು.

ಡಾಕ್ಟರ್ ಮೇಡಮ್ ಹೆಚ್ಚು ಮಾತಿನವರಲ್ಲ. ಕೈ ಚಾಚಲು ಹೇಳಿ ಬೆರಳುಗಳ ಮೇಲೆ ಒಂದು ಕಾಗದ ಇಟ್ಟರು. ಫ್ಯಾನ್ ಆರಿಸಿದ್ದರೂ ಕಾಗದ ಪಟಪಟ ಅಂದಿತು. ಕುತ್ತಿಗೆ ಮುಟ್ಟಿ ನೋಡಿದರು, ಕಣ್ಣು ನೋಡಿದರು, ರಕ್ತ ಕೊಡಲು ಕಳಿಸಿದರು. ಎರಡು ದಿನದ ನಂತರ ವರದಿ ಮುಂದಿಟ್ಟುಕೊಂಡು, ಥೈರಾಯ್ಡ್ ಮಿತಿ ಮೀರಿ ಕೆಲಸ ಮಾಡುತ್ತಿದೆ, ಹೃದಯಕ್ಕೆ ಅಪಾಯ, ಗುಳಿಗೆ ಒಂದೂವರೆ ವರ್ಷ, ನಾಡಿ ಇಳಿಯುವವರೆಗೆ ಓಟವೂ ಇಲ್ಲ ಜಿಮ್ಮೂ ಇಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಥೈರಾಯ್ಡ್ ಅಂದರೆ ದಪ್ಪ ಆಗುವ ರೋಗ ಅಂತಷ್ಟೇ ನನಗೆ ಗೊತ್ತಿದ್ದದ್ದು. ಹೃದಯದ ಮಾತು ನನ್ನ ಕಿವಿಯೊಳಗೆ ಇಳಿಯಲೇ ಇಲ್ಲ. ನಾನು ಕೇಳಿದ್ದು ಬೇರೆ.

“ಹಾಗಾದರೆ ಮೇಡಮ್, ನಾನು ಇಳಿಸಿದ ಹನ್ನೆರಡು ಕಿಲೋ?”

“ಅದನ್ನು ನೀವು ಇಳಿಸಿದ್ದಲ್ಲ” ಅಂದರು.

ಅವರು ಒರಟಾಗಿ ಹೇಳಲಿಲ್ಲ, ಆದರೂ ಆ ಮಾತು ನನ್ನನ್ನು ಕೆಡವಿತು. ನಾಲ್ಕಕ್ಕೆ ಎದ್ದವಳು, ಪರದೆ ಒಗೆದವಳು, ರೇಶ್ಮಾಳನ್ನು ಹಿಂದೆ ಹಾಕಿ ಓಡಿದವಳು, ಅವಳಲ್ಲಿ ನಾನೆಷ್ಟು, ರೋಗವೆಷ್ಟು? ಮೆಟ್ಟಿಲಿಳಿಯುತ್ತ ಅವ್ವನಿಗೆ ಕನ್ನಡದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಅಲ್ಲೇ ನಿಂತು, ಸೆರಗು ಒಡ್ಡಿ, ನಮ್ಮೂರ ದೇವಿಗೆ ಹರಕೆ ಹೊತ್ತಳು. ಮಗಳಿಗೆ ಗುಣವಾದರೆ ಅವಳ ತೂಕದ ಬೆಲ್ಲ ತೂಗಿ ಊರಿಗೆ ಹಂಚುತ್ತೇನೆ.

ಮನೆಗೆ ಬಂದ ಮೇಲೆ ಹರಕೆಯ ಸುದ್ದಿ ಕೇಳಿದ ನನ್ನ ಮನೆಯವರು ವಾತಾವರಣ ಹಗುರ ಮಾಡಲು, “ಅತ್ತಿ, ತೂಗೂದಿದ್ರ ಈಗ ತೂಗಿಬಿಡ್ರಿ, ಸಸ್ತಾದಾಗ ಮುಗೀತದ” ಎಂದರು.

“ಅಲ್ರಿ ಅಳಿಯಂದ್ರ, ತೂಕ ಬರ್ಲಿ, ಆಮ್ಯಾಗ” ಎಂದಳು ಅವ್ವ. ಅವಳಿಗೆ ಅದು ನಗೆಯ ಮಾತಾಗಿರಲಿಲ್ಲ.

ಗುಳಿಗೆಗಳು ಕೆಲಸ ಮಾಡಿದವು. ಆರು ವಾರದಲ್ಲಿ ನಡುಕ ನಿಂತಿತು. ನಿದ್ದೆ ಬಂತು, ಮಧ್ಯಾಹ್ನವೂ ಬಂತು. ಅವ್ವ ಊರಿಗೆ ಹೋದಳು. ಆಮೇಲೆ ತೂಕ ಬರತೊಡಗಿತು. ಐವತ್ತೆರಡು, ಐವತ್ತಾರು, ಅರವತ್ತು. ಓಟಕ್ಕೆ ಇನ್ನೂ ಅಪ್ಪಣೆಯಿರಲಿಲ್ಲ. ಬೆಳಿಗ್ಗೆ ಕೆರೆಯ ದಂಡೆಯ ಮೇಲೆ ನಾನು ನಡೆಯುವಾಗ ರೇಶ್ಮಾ ಎರಡು ಸಲ ನನ್ನನ್ನು ದಾಟಿ ಹೋಗುತ್ತಿದ್ದಳು, ಎರಡೂ ಸಲ ಭುಜ ಮುಟ್ಟಿ ಹೋಗುತ್ತಿದ್ದಳು. ಭಾನುವಾರಗಳಂತೂ ಹಗ್ಗ ಎಳೆದ ಹಾಗೆ ಉದ್ದವಾದವು. ಕಾಲು ಮಾತ್ರ ಓಡಲಿಲ್ಲ, ತಲೆ ಓಡುತ್ತಲೇ ಇತ್ತು. ಒಂದು ಸೋಮವಾರ ಸುಮ್ಮನೆ ಜಿಮ್‌ಗೆ ಹೋಗಿ ಕಾಟಾದ ಮೇಲೆ ನಿಂತೆ. ಅರವತ್ತಮೂರು. ಸಾಗರ್ ಸರ್ ಫೋಟೋದ ಕಡೆ ನೋಡಿ, ನನ್ನ ಕಡೆ ನೋಡಿ, “ಮ್ಯಾಡಮ್, ಏನ್ ಮಾಡ್ಕೊಂಡ್ರಿ ಇದು? ಎಲ್ಲಾ ಮೆಹನತ್ ದಂಡ ಆತಲ್ರಿ” ಎಂದರು. ಅವರು ಒಳ್ಳೆಯವರೇ. ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮರುದಿನದಿಂದ ನಾನು ಗುಳಿಗೆಯನ್ನು ಅರ್ಧಕ್ಕೆ ಮುರಿಯತೊಡಗಿದೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದೇ ಕಾಯಿಲೆಯ ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೂ ಒಂದಲ್ಲ ಒಂದು ದಿನ ಈ ಯೋಚನೆ ಬಂದಿರುತ್ತದೆ ಅಂತ ನನಗೆ ಗೊತ್ತು. ಅರ್ಧ ನುಂಗಿ, ಉಳಿದರ್ಧವನ್ನು ತುಳಸಿ ಕುಂಡದ ಮಣ್ಣಿನಲ್ಲಿ ಬೆರಳಿನಿಂದ ಒತ್ತಿಬಿಡುತ್ತಿದ್ದೆ. ಮನೆಯವರು ಕೇಳಿದರೆ “ತಗೊಂಡೆ”. ಅವ್ವ ಫೋನಿನಲ್ಲಿ ಕೇಳಿದರೆ “ತಗೊಂಡೆ”. ತೂಕ ನಿಂತಿತು. ಒಂದು ಕಿಲೋ ಇಳಿಯಿತು. ಹಳೆಯ ಚುರುಕು ಮೆಲ್ಲಗೆ ಬಾಗಿಲು ತಟ್ಟಿತು. ಅದರ ಗುರುತು ನನಗೆ ಚೆನ್ನಾಗಿಯೇ ಇತ್ತು, ಆದರೂ ಒಳಗೆ ಬಿಟ್ಟುಕೊಂಡೆ. ಮತ್ತೆ ಕದ್ದು ಓಡತೊಡಗಿದೆ.

ಡಿಸೆಂಬರಿನ ಒಂದು ಭಾನುವಾರ ರೇಶ್ಮಾ ಮತ್ತು ಅವಳ ಗುಂಪಿನವರು ಸೋಲಾಪುರದಿಂದ ಅಕ್ಕಲಕೋಟೆಯವರೆಗೆ, ಸುಮಾರು ನಲವತ್ತು ಕಿಲೋಮೀಟರ್, ಓಡುವುದೆಂದು ಗೊತ್ತು ಮಾಡಿಕೊಂಡರು. ಅಲ್ಲಿನ ಮಠಕ್ಕೆ ಎಷ್ಟೋ ಭಕ್ತರು ಆ ದಾರಿಯಲ್ಲಿ ನಡೆದೇ ಹೋಗುತ್ತಾರೆ, ನಾವು ಓಡಿದರೆ ಏನು ಅನ್ನುವುದು ಅವರ ಹುಮ್ಮಸ್ಸು. ಡಾಕ್ಟರ್ ಒಪ್ಪಿದ್ದಾರೆ ಎಂದು ರೇಶ್ಮಾಳಿಗೆ ಸುಳ್ಳು ಹೇಳಿದೆ. ಊರಿಗೆ ಬೆಳಗಿನ ಬಸ್ಸಿಗೆ ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿದೆ. ಅಕ್ಕಲಕೋಟೆ ಮುಟ್ಟಿ, ಅಲ್ಲಿಂದ ಬಸ್ಸು ಹಿಡಿದು ಅವ್ವನ ಮುಂದೆ ನಿಂತು, ನೋಡು ನಾನು ಗುಣವಾದೆ ಅನ್ನಬೇಕು. ನನ್ನ ಲೆಕ್ಕ ಇಷ್ಟೇ ಇತ್ತು.

ಅರ್ಧ ದಾರಿಯ ವಳಸಂಗ ಬರುವ ಮೊದಲೇ ಎದೆಯಲ್ಲಿ ನೀರಿಂದ ತೆಗೆದ ಮೀನು ಒದ್ದಾಡಿದ ಹಾಗೆ ಆಯಿತು. ಒಂದು ಬಡಿತ, ಮೂರು ಬಡಿತ, ಬಡಿತವೇ ಇಲ್ಲ, ಮತ್ತೆ ಒಟ್ಟಿಗೆ ಹತ್ತು. ರಸ್ತೆಯ ಪಕ್ಕದ ಬೇವಿನ ಮರಕ್ಕೆ ಆತು ಕೂತೆ. ಸಾಯುತ್ತೇನೆ ಅಂತಲೇ ಅಂದುಕೊಂಡೆ. ಆ ಹೊತ್ತಿನಲ್ಲಿ ಹೊಳೆದದ್ದು ಒಂದೇ, ಅವ್ವ ಹನ್ನೊಂದರವರೆಗೆ ಬಸ್ಸಿನ ದಾರಿ ನೋಡುತ್ತಾಳೆ. ಮುಂದೆ ಹೋಗಿದ್ದ ರೇಶ್ಮಾ ತಿರುಗಿ ಬಂದಳು. ಆರು ತಿಂಗಳು ತಯಾರಿ ಮಾಡಿದ್ದ ಹುಡುಗಿ ಆವತ್ತು ಅಕ್ಕಲಕೋಟೆ ನೋಡಲಿಲ್ಲ. ಯಾರದೋ ಜೀಪು ನಿಲ್ಲಿಸಿ, ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಸೋಲಾಪುರಕ್ಕೆ ಕರೆತಂದಳು. ದಾರಿಯುದ್ದಕ್ಕೂ ಬೈದಳು. “ನಂದಕ್ಕಾ, ಕಣ್ಣ ಮುಚ್ಚಬ್ಯಾಡ. ಮುಚ್ಚಿದ್ರ ಬಡೀತೀನಿ ನೋಡು.”

ಇಸಿಜಿ, ಸೂಜಿ, ಎದೆಗೆ ಅಂಟಿಸಿದ ವೈರುಗಳು. ಡಾಕ್ಟರ್ ಮೇಡಮ್ ಬಂದು, ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಹೂಂ ಅಂದೆ. ರಕ್ತದ ವರದಿ ಬಂದಾಗ ಅದು ಹೂಂ ಅನ್ನಲಿಲ್ಲ. ಮನೆಯವರಿಗೆ ಎಲ್ಲ ಹೇಳಬೇಕಾಯಿತು. ಅವರು ಎದ್ದು ವರಾಂಡಕ್ಕೆ ಹೋದರು. ಗಾಜಿನಾಚೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಭುಜ ಅಲುಗುತ್ತಿತ್ತು.

ಸುದ್ದಿ ತಿಳಿದು ಮಧ್ಯಾಹ್ನ ಅವ್ವ ಬಂದಳು. ನನಗಾಗಿ ಕಟ್ಟಿಕೊಂಡಿದ್ದ ಸೀತನಿಯ ಗಂಟು ಇನ್ನೂ ಕೈಯಲ್ಲೇ ಇತ್ತು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಎಷ್ಟ ದಿನಾ ಆತು?”

“ಮೂರ ತಿಂಗಳು. ಅರ್ಧ ಅರ್ಧ.”

“ಉಳದದ್ದು?”

“ತುಳಸಿ ಕುಂಡ್ಯಾಗ.”

ಸೀತನಿಯ ಗಂಟನ್ನು ಮಂಚದ ಪಕ್ಕಕ್ಕೆ ಇಟ್ಟಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

“ನೀ ಹುಟ್ಟಿದಾಗ ದೀಡ ಕಿಲೋ ಇದ್ದಿ. ಇದು ಉಳ್ಯಾಂಗಿಲ್ಲ ಅಂತ ಓಣಿ ಮಂದೆಲ್ಲಾ ಅಂದ್ರು. ವಾರಕ್ಕೊಮ್ಮಿ ಕಿರಾಣಿ ಅಂಗಡಿ ತಕ್ಕಡ್ಯಾಗ ಅರಿವಿ ಹಾಸಿ ನಿನ್ನ ತೂಗಸ್ತಿದ್ನಿ. ಅರ್ಧಪಾವ್ ಏರಿದ್ರ ಸಾಕು, ಮನಿಮನಿಗಿ ಹೇಳ್ಕೋತ ಬರ್ತಿದ್ನಿ. ನಿನ್ನ ಮೈಮ್ಯಾಲಿನ ಒಂದೊಂದ ತೊಲಿನೂ ನಾ ಕೂಡ್ಸಿದ್ದು ತಂಗಿ. ನೀ ಅದನ್ನ ಬ್ಯಾಡಂತಿ.”

ಒಂದೂವರೆ ಕಿಲೋದ ಕೂಸಾಗಿ ನಾನು ಹುಟ್ಟಿದ ಈ ಕಥೆ ನನಗೆ ಯಾರೂ ಹೇಳಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ವೈರುಗಳಿದ್ದುದರಿಂದ ಅಪ್ಪಿಕೊಳ್ಳಲು ಆಗಲಿಲ್ಲ.

ಆಮೇಲಿನ ಒಂದು ವರ್ಷ ದಿನಾ ಬೆಳಿಗ್ಗೆ ಏಳಕ್ಕೆ ಕರಜಗಿಯಿಂದ ಫೋನು. “ನುಂಗಿದೇನು?” ನಾನು ಫೋನನ್ನು ಸ್ಪೀಕರಿಗೆ ಹಾಕಿ, ಅವಳಿಗೆ ಕೇಳುವಂತೆ ಗುಟುಕರಿಸಿ ನೀರು ಕುಡಿಯುತ್ತಿದ್ದೆ. ಆ ಸಪ್ಪಳ ಕೇಳದೆ ಅವಳು ಫೋನು ಇಡುತ್ತಿರಲಿಲ್ಲ. ಫ್ರಿಜ್ಜಿನ ಮೇಲಿನ ವೇಳಾಪಟ್ಟಿಯನ್ನು ಮನೆಯವರು ತಾವಾಗಿ ತೆಗೆಯಲಿಲ್ಲ, ನಾನೇ ಹರಿದೆ. ಈಗ ವಾರಕ್ಕೆ ಮೂರು ದಿನ ನಿಧಾನ ಓಟ, ಮಾತಾಡುತ್ತ ಓಡಬಹುದಾದಷ್ಟು ನಿಧಾನ. ಎರಡು ದಿನ ಜಿಮ್ ಕ್ಲಾಸು, ಹಿಂದಿನ ಸಾಲಿನಲ್ಲಿ. ಡಾಕ್ಟರ್ ಮೇಡಮ್ ಒಪ್ಪಿದ್ದಾರೆ, ಈ ಸಲ ನಿಜವಾಗಿ. ಗುಳಿಗೆ ಇನ್ನೂ ಇದೆ, ಚಿಕ್ಕದು. ನಿಲ್ಲಿಸಿದ ಮೇಲೆ ಮತ್ತೆ ಬರಬಹುದು ಎಂದೂ ಹೇಳಿದ್ದಾರೆ. ಎದೆ ಸ್ವಲ್ಪ ಜೋರಾಗಿ ಬಡಿದರೆ ಈಗಲೂ ಬೆರಳು ತಾನಾಗಿ ಮಣಿಕಟ್ಟಿಗೆ ಹೋಗುತ್ತದೆ. ಆ ಭಯ ಹೋಗಿಲ್ಲ. ಸಾಗರ್ ಸರ್‌ಗೆ ಎಲ್ಲ ತಿಳಿಸಿ ಫೋಟೋ ತೆಗೆಯಿರಿ ಎಂದೆ. ಅವರು ಪಾಪ ಬಹಳ ನೊಂದುಕೊಂಡರು, ತೆಗೀತೀನಿ ಅಂದರು. ಇನ್ನೂ ತೆಗೆದಿಲ್ಲ. ಅವರು ತೆಗೆಯುವವರೆಗೆ ಹೊಸದಾಗಿ ಬರುವ ಹೆಂಗಸರಿಗೆ ನಾನೇ ಅದರ ಕೆಳಗೆ ನಿಂತು ಈ ಕಥೆ ಹೇಳುತ್ತೇನೆ.

ಹೋದ ತಿಂಗಳು ಒಂದು ಭಾನುವಾರ ಅವ್ವ ಹರಕೆ ತೀರಿಸಿದಳು. ನಮ್ಮೂರ ದೇವಿಯ ಗುಡಿಯ ಮುಂದೆ, ಕಾಳಿನ ವ್ಯಾಪಾರದವರಿಂದ ತಂದ ದೊಡ್ಡ ತಕ್ಕಡಿಯನ್ನು ಮೂರು ಕಂಬಕ್ಕೆ ಕಟ್ಟಿ ತೂಗುಬಿಟ್ಟಿದ್ದರು. ಓಣಿಯವರೆಲ್ಲ ಬಂದಿದ್ದರು. ರೇಶ್ಮಾಳೂ ಬಂದಿದ್ದಳು, ಅಕ್ಕಲಕೋಟೆಯವರೆಗೆ ಓಡಿ, ಅಲ್ಲಿಂದ ಬಸ್ಸಿನಲ್ಲಿ. ತಲಾ ಹತ್ತು ಕಿಲೋದ ಆರು ಬೆಲ್ಲದ ಪೆಂಟಿಗಳು, ದೊಡ್ಡ ಅಚ್ಚುಗಳು, ಬಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಮೊದಲಿನ ನನ್ನ ತೂಕ ಅಷ್ಟು ಅಂತ ಅವ್ವನ ನೆನಪು.

ತಕ್ಕಡಿ ನೋಡಿದ್ದೇ ತಡ, ನನ್ನ ಕೈ ಗಡಿಯಾರ ಬಿಚ್ಚಿತು. ಆಮೇಲೆ ಬಳೆ. ಕಿವಿಯೋಲೆಗೆ ಕೈ ಹಾಕಿದಾಗ ಅವ್ವ ನೋಡಿದಳು.

“ಏನ್ ಮಾಡಾಕತ್ತಿ?”

“ಏನಿಲ್ಲವ್ವಾ” ಎಂದು ಎಲ್ಲವನ್ನೂ ತಿರುಗಿ ಹಾಕಿಕೊಂಡು ತಟ್ಟೆಯಲ್ಲಿ ಚಕ್ಕಳಮಕ್ಕಳ ಕೂತೆ.

ಒಂದೊಂದೇ ಪೆಂಟಿ ಏರಿಸಿದರು. ನಾಲ್ಕು, ಐದು, ಆರು. ನಾನು ನೆಲ ಬಿಟ್ಟು ಮೇಲೇಳಲೇ ಇಲ್ಲ. ಅವ್ವ ಬಗ್ಗಿ ತಟ್ಟೆಯ ಕೆಳಗೆ ಕೈ ಆಡಿಸಿ ನೋಡಿದಳು. ಅವಳ ಮುಖ ಅರಳಿತು.

“ಕಡಿಮಿ ಬಿತ್ತು!” ಎಂದು ಗುಡಿಯ ಮುಂದಿದ್ದವರಿಗೆಲ್ಲ ಕೇಳುವಂತೆ ಕೂಗಿದಳು. “ನೋಡ್ರೆವ್ವಾ, ನನ್ನ ಮಗಳಿಗಿ ಬೆಲ್ಲ ಕಡಿಮಿ ಬಿತ್ತು! ಅಳಿಯಂದ್ರ, ಅಂಗಡಿಗಿ ಹೋಗಿ ಇನ್ನೊಂದ ಪೆಂಟಿ ತರ್ರಿ. ತಂಗಿ, ನೀ ಏಳಬ್ಯಾಡ, ಹಂಗೇ ಕುಂದ್ರು.”

ಮನೆಯವರು ಗಾಡಿ ಚಾಲೂ ಮಾಡಿ ಹೋದರು. ಅಂಗಡಿಯವರು ಊಟಕ್ಕೆ ಹೋಗಿದ್ದಾರಂತೆ, ಮನೆಗೆ ಹೋಗಿ ಕರೆದು ತರಬೇಕಂತೆ. ಅವ್ವ ಪ್ರತಿಯೊಬ್ಬರ ಹತ್ತಿರ ಹೋಗಿ ಕಡಿಮಿ ಬಿದ್ದ ಸುದ್ದಿ ಹೇಳುತ್ತಿದ್ದಳು. ಅಭ್ಯಾಸಬಲದಿಂದ ನನ್ನ ಬೆರಳು ಮಣಿಕಟ್ಟಿಗೆ ಹೋಯಿತು. ಎಣಿಸದೆ ತೆಗೆದೆ. ಬಿಸಿಲು ಏರುತ್ತಿತ್ತು, ಇರುವೆಗಳು ಬೆಲ್ಲದ ವಾಸನೆ ಹಿಡಿದು ಬರುತ್ತಿದ್ದವು, ಮಾಡಲು ನನಗೆ ಏನೂ ಕೆಲಸವಿರಲಿಲ್ಲ. ಮನೆಯವರು ಬೆಲ್ಲ ತರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನು ಕೂತೇ ಇದ್ದೆ.